ಮನೆ ಪಾರ್ಟಿಯಲ್ಲಿ ಮಕ್ಕಳು ಕುಡಿದರೆ ಹೊಣೆ ಯಾರದು?

ಓದುಗರ ಪ್ರಶ್ನೆ, ತಜ್ಞರ ಉತ್ತರ

ದ್ವಿತೀಯ ಪಿಯುಸಿ ಪರೀಕ್ಷೆ ಮುಗಿಯುವ ಹೊತ್ತಿಗೆ ಬೀಳ್ಕೊಡುಗೆ, ಹುಟ್ಟುಹಬ್ಬ ಎಂದು ಮನೆಗಳಲ್ಲಿ ಪಾರ್ಟಿಗಳು ಶುರುವಾಗುತ್ತವೆ. ಇವುಗಳ ಬಗ್ಗೆ ಪೋಷಕರು ಬರೆದ ಪತ್ರಗಳಲ್ಲಿ ಕೆಲವನ್ನು ಇಲ್ಲಿ ಆರಿಸಿಕೊಂಡಿದ್ದೇವೆ. ಕಾನೂನಿನ ಪ್ರಶ್ನೆಗಳಿಗೆ ವಕೀಲರು, ಆರೋಗ್ಯದ ಪ್ರಶ್ನೆಗಳಿಗೆ ವೈದ್ಯರು ಉತ್ತರಿಸಿದ್ದಾರೆ. ಪತ್ರ ಬರೆದವರ ಹೆಸರು, ಊರು ಬಿಟ್ಟಿದ್ದೇವೆ.

ಪ್ರಶ್ನೆ: ಮಗನಿಗೆ ಮುಂದಿನ ತಿಂಗಳು 17 ತುಂಬುತ್ತದೆ. ಹತ್ತು ಹನ್ನೆರಡು ಗೆಳೆಯರನ್ನು ಮನೆಗೆ ಕರೆಯುತ್ತಾನಂತೆ. "ಹೊರಗೆಲ್ಲೋ ಕದ್ದು ಕುಡಿಯುವ ಬದಲು ನಮ್ಮ ಕಣ್ಣೆದುರಿಗೇ ಒಂದೊಂದು ಬಿಯರ್ ಕುಡಿಯಲಿ, ನಾನೇ ತಂದು ಕೊಡುತ್ತೇನೆ" ಎನ್ನುತ್ತಾರೆ ಯಜಮಾನರು. ಎಲ್ಲ ಹುಡುಗರ ಅಪ್ಪ ಅಮ್ಮಂದಿರನ್ನೂ ವಾಟ್ಸ್‌ಆ್ಯಪ್‌ನಲ್ಲಿ ಕೇಳಿದ್ದೇವೆ, ಒಪ್ಪಿದ್ದಾರೆ. ತೊಂದರೆ ಇಲ್ಲ ತಾನೇ?

ಉತ್ತರ: ತೊಂದರೆ ಇದೆ, ಅದೂ ಸಣ್ಣದಲ್ಲ. ದಯವಿಟ್ಟು ಈ ಯೋಚನೆ ಕೈಬಿಡಿ.

2015ರ ಬಾಲನ್ಯಾಯ (ಮಕ್ಕಳ ಪಾಲನೆ ಮತ್ತು ರಕ್ಷಣೆ) ಕಾಯ್ದೆಯ 77ನೇ ಸೆಕ್ಷನ್ ಇದಕ್ಕೆಂದೇ ಇದೆ. 18 ತುಂಬದ ಯಾರಿಗೇ ಆಗಲಿ ಮದ್ಯ, ಮಾದಕ ವಸ್ತು ಅಥವಾ ತಂಬಾಕು ಕೊಟ್ಟವರಿಗೆ, ಇಲ್ಲವೇ ಕೊಡಿಸಿದವರಿಗೆ, 7 ವರ್ಷದವರೆಗೆ ಕಠಿಣ ಸಜೆ ಮತ್ತು 1 ಲಕ್ಷ ರೂಪಾಯಿವರೆಗೆ ದಂಡ. ಈ ಸೆಕ್ಷನ್‌ನಲ್ಲಿ ಇರುವ ವಿನಾಯಿತಿ ಒಂದೇ: ಅರ್ಹ ವೈದ್ಯರ ಸೂಚನೆಯ ಮೇರೆಗೆ ಕೊಟ್ಟಿದ್ದರೆ ಅಪರಾಧವಲ್ಲ. ಹೆತ್ತವರು ಕೊಟ್ಟರೆ ಪರವಾಗಿಲ್ಲ, ಮನೆಯೊಳಗೆ ಕೊಟ್ಟರೆ ಪರವಾಗಿಲ್ಲ, ಸ್ವಲ್ಪವೇ ಕೊಟ್ಟರೆ ಪರವಾಗಿಲ್ಲ ಎಂಬ ಮಾತು ಅದರಲ್ಲಿ ಎಲ್ಲಿಯೂ ಇಲ್ಲ. ಸಿಗರೇಟು ಹಂಚಿದರೂ ಇದೇ ಸೆಕ್ಷನ್.

ಬೇರೆ ಪೋಷಕರ ಒಪ್ಪಿಗೆ ನಿಮ್ಮನ್ನು ಕಾಪಾಡುವುದಿಲ್ಲ. ಮಕ್ಕಳ ಪರವಾಗಿ ಅಂಥ ಒಪ್ಪಿಗೆ ಕೊಡುವ ಅಧಿಕಾರವನ್ನು ಕಾನೂನು ಅವರಿಗೆ ಕೊಟ್ಟಿಲ್ಲ. ನಾಳೆ ಏನಾದರೂ ಆದರೆ ಆ ವಾಟ್ಸ್‌ಆ್ಯಪ್ ಸಂದೇಶಗಳು ನಿಮ್ಮ ವಿರುದ್ಧದ ಸಾಕ್ಷ್ಯವಾಗುತ್ತವೆ: ಮಕ್ಕಳ ವಯಸ್ಸು ನಿಮಗೆ ಗೊತ್ತಿತ್ತು, ಮದ್ಯ ಕೊಡುವುದೆಂದು ಮೊದಲೇ ತೀರ್ಮಾನಿಸಿದ್ದಿರಿ ಎಂಬ ಎರಡನ್ನೂ ಅವು ಒಟ್ಟಿಗೆ ತೋರಿಸುತ್ತವೆ. 'ಸರಿ' ಎಂದು ಉತ್ತರಿಸಿದ ಪೋಷಕರಿಗೂ 'ಕೊಡಿಸಿದವರು' ಎಂಬ ಪ್ರಶ್ನೆ ಎದುರಾಗಬಹುದು.

ವಯಸ್ಸಿನ ಬಗ್ಗೆ ಒಂದು ಗೊಂದಲ ಹಲವು ಪತ್ರಗಳಲ್ಲಿ ಇದೆ. ಕರ್ನಾಟಕ ಅಬಕಾರಿ ಕಾಯ್ದೆ 18 ಎನ್ನುತ್ತದೆ. ಅದರ ಅಡಿಯಲ್ಲಿ ಬಂದ 1967ರ ಸನ್ನದು ನಿಯಮಗಳು 21 ಆಗದವರಿಗೆ ಮಾರಬಾರದು ಎನ್ನುತ್ತವೆ. 2023ರ ಜನವರಿಯಲ್ಲಿ ಈ 21ನ್ನು 18ಕ್ಕೆ ಇಳಿಸಲು ಕರಡು ಹೊರಟಿತ್ತು, ವಿರೋಧ ಬಂದದ್ದರಿಂದ ಸರ್ಕಾರ ಕೈಬಿಟ್ಟಿತು. ಆ ನಿಯಮ ಕಟ್ಟುಹಾಕುವುದು ಅಂಗಡಿ ಮತ್ತು ಬಾರಿನವರನ್ನು. ಮನೆಯಲ್ಲಿ ಕೊಡುವವರಿಗೆ ಅನ್ವಯಿಸುವ 77ನೇ ಸೆಕ್ಷನ್‌ಗೆ ಗಡಿ 18. ಹುಡುಗನಿಗೆ 18 ಆಗಿತ್ತೇ ಇಲ್ಲವೇ ಎಂಬ ತಕರಾರು ಬಂದರೆ ಮೊದಲು ನೋಡುವುದು ಶಾಲೆಯ ಜನ್ಮದಿನಾಂಕದ ಪತ್ರ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಅದಿಲ್ಲದಿದ್ದರೆ ಪಾಲಿಕೆ ಅಥವಾ ಪಂಚಾಯಿತಿಯ ಜನನ ಪ್ರಮಾಣಪತ್ರ. ಎರಡೂ ಇಲ್ಲದಿದ್ದರೆ ಮಾತ್ರ ಮೂಳೆ ಪರೀಕ್ಷೆ. "ನೋಡಲು ದೊಡ್ಡವನಂತೆ ಇದ್ದ" ಎಂಬ ಸಮಜಾಯಿಷಿ, ಮಗನ ತರಗತಿಯಲ್ಲೇ ಓದುವ ಹುಡುಗನ ವಿಷಯದಲ್ಲಿ ನಿಲ್ಲುವುದು ಕಷ್ಟ.

ಪ್ರಶ್ನೆ: ನಾವಿಬ್ಬರೂ ಮದುವೆಗೆಂದು ಊರಿಗೆ ಹೋಗಿದ್ದಾಗ ಮಗಳು ಗೆಳತಿಯರನ್ನು ಕರೆಸಿಕೊಂಡು, ಬೀರುವಿನಲ್ಲಿದ್ದ ವಿಸ್ಕಿ ತೆಗೆದು ಕುಡಿದಿದ್ದಾರೆ. ಒಂದು ಹುಡುಗಿಯ ಅಪ್ಪ "ನಿಮ್ಮ ಮನೆ, ನಿಮ್ಮ ಬಾಟಲಿ, ನಿಮ್ಮ ಮೇಲೇ ಕೇಸ್ ಹಾಕುತ್ತೇನೆ" ಎನ್ನುತ್ತಿದ್ದಾರೆ. ಹಾಕಬಹುದೇ?

ಉತ್ತರ: ದೂರು ಯಾರು ಬೇಕಾದರೂ ಕೊಡಬಹುದು. ಅದು ನಿಲ್ಲುತ್ತದೆಯೇ ಎಂಬುದು ಬೇರೆ ಮಾತು. 77ನೇ ಸೆಕ್ಷನ್ ಹಿಡಿಯುವುದು 'ಕೊಟ್ಟವರನ್ನು' ಮತ್ತು 'ಕೊಡಿಸಿದವರನ್ನು'. ಮನೆ ನಿಮ್ಮದು, ಬಾಟಲಿ ನಿಮ್ಮದು ಎಂಬಷ್ಟರಿಂದಲೇ ನೀವು ಕೊಟ್ಟಂತೆ ಆಗುವುದಿಲ್ಲ. ನಿಮಗೆ ತಿಳಿಯದೆ, ನಿಮ್ಮ ಗೈರುಹಾಜರಿಯಲ್ಲಿ ಮಕ್ಕಳೇ ತೆಗೆದಿದ್ದರೆ ಆ ಸೆಕ್ಷನ್ ನಿಮ್ಮ ಮೇಲೆ ನಿಲ್ಲುವುದು ಕಷ್ಟ. ಅಮೆರಿಕದ ಹಲವು ರಾಜ್ಯಗಳಲ್ಲಿ ಆತಿಥೇಯರನ್ನೇ ನೇರವಾಗಿ ಹೊಣೆ ಮಾಡುವ ಕಾನೂನುಗಳಿವೆ. ನಮ್ಮಲ್ಲಿ ಮದ್ಯಕ್ಕೆ ಅಂಥ ಪ್ರತ್ಯೇಕ ಕಾನೂನಿಲ್ಲ.

ಮಾದಕ ವಸ್ತುವಿನ ವಿಷಯ ಹೀಗಲ್ಲ, ಇದನ್ನು ಬೆರೆಸಿಕೊಳ್ಳಬೇಡಿ. ಎನ್‌ಡಿಪಿಎಸ್ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ ಮನೆಯ ಮಾಲೀಕರಾಗಲಿ, ಬಾಡಿಗೆಗೆ ಇರುವವರಾಗಲಿ, ಗೊತ್ತಿದ್ದೂ ಜಾಗ ಬಳಸಲು ಬಿಟ್ಟರೆ ಸಾಕು, ಆ ಅಪರಾಧಕ್ಕಿರುವ ಶಿಕ್ಷೆಯೇ ಅವರಿಗೂ. ಗಾಂಜಾ ವಾಸನೆ ಬಂದೂ ಬಾಗಿಲು ಹಾಕಿಕೊಂಡು ಮಲಗಿದರೆ "ನಾನೇನೂ ಕೊಡಲಿಲ್ಲ" ಎಂಬ ಮಾತಿಗೆ ಬೆಲೆಯಿಲ್ಲ.

ಮದ್ಯದ ವಿಷಯದಲ್ಲೂ, ನೀವು ಮನೆಯಲ್ಲಿದ್ದು ಮಹಡಿಯ ಮೇಲೆ ಮಕ್ಕಳು ಕುಡಿಯುತ್ತಿರುವುದು ಗೊತ್ತಾಗಿ ಸುಮ್ಮನಿದ್ದರೆ ಚಿತ್ರ ಬದಲಾಗುತ್ತದೆ. ಆ ರಾತ್ರಿ ಆ ಮಕ್ಕಳೆಲ್ಲ ನಿಮ್ಮ ಸುಪರ್ದಿಯಲ್ಲಿದ್ದರು ಎಂದು ವಾದಿಸಲು ಅವಕಾಶವಿದೆ. ಸುಪರ್ದಿಯಲ್ಲಿರುವ ಮಗುವನ್ನು ಬೇಕೆಂದೇ ನಿರ್ಲಕ್ಷಿಸಿ ಅದಕ್ಕೆ ಯಾತನೆಯಾಗಲು ಬಿಟ್ಟರೆ ಅದೇ ಕಾಯ್ದೆಯ 75ನೇ ಸೆಕ್ಷನ್ ಇದೆ: 3 ವರ್ಷದವರೆಗೆ ಸೆರೆವಾಸ, ಅಥವಾ 1 ಲಕ್ಷ ದಂಡ, ಅಥವಾ ಎರಡೂ. ಯಾವುದಾದರೂ ಮಗು ಸತ್ತರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್, ಅಂದರೆ ನಿರ್ಲಕ್ಷ್ಯದಿಂದ ಸಾವು, ಸೇರಿಸಬಹುದು. ಅದಕ್ಕೆ 5 ವರ್ಷದವರೆಗೆ ಸಜೆ ಮತ್ತು ದಂಡ. ಅದಲ್ಲದೆ ಪರಿಹಾರ ಕೇಳಿ ಸಿವಿಲ್ ದಾವೆ ಹಾಕುವ ದಾರಿ ಯಾವತ್ತೂ ತೆರೆದೇ ಇರುತ್ತದೆ.

ನಿಮ್ಮ ಪ್ರಕರಣದಲ್ಲಿ ಈಗ ಮಾಡಬೇಕಾದ್ದು ಜಗಳವಲ್ಲ. ಆ ಹುಡುಗಿಯ ಅಪ್ಪನ ಮನೆಗೆ ಹೋಗಿ ಏನು ನಡೆಯಿತು, ಎಷ್ಟು ಕುಡಿದಿದ್ದರು ಎಂದು ಮುಚ್ಚಿಡದೆ ಹೇಳಿ. ಬೀರುವಿಗೆ ಬೀಗ ಹಾಕಿ, ಕೀಲಿ ಮನೆಯಲ್ಲಿ ಬಿಡಬೇಡಿ. ಒಮ್ಮೆ ಹೀಗಾದದ್ದು ಗೊತ್ತಿದ್ದೂ ಎರಡನೇ ಸಲ ಬಾಟಲಿಯನ್ನು ಅಲ್ಲೇ ಇಟ್ಟು ಊರಿಗೆ ಹೋದರೆ, "ನಮಗೆ ತಿಳಿದಿರಲಿಲ್ಲ" ಎನ್ನಲು ಆಗ ದಾರಿ ಇರುವುದಿಲ್ಲ.

ಪ್ರಶ್ನೆ: ನಾವು ಮದ್ಯ ಕೊಡುವುದಿಲ್ಲ. ಹುಡುಗರೇ ಬ್ಯಾಗಿನಲ್ಲಿ ತಂದರೆ ಏನು ಮಾಡುವುದು? ಎಲ್ಲರನ್ನೂ ತಪಾಸಣೆ ಮಾಡಲಾಗುತ್ತದೆಯೇ?

ಉತ್ತರ: ತಪಾಸಣೆ ಬೇಡ, ಕಣ್ಣಿಟ್ಟರೆ ಸಾಕು. ಹೆಚ್ಚಾಗಿ ಬರುವುದು ತಂಪು ಪಾನೀಯದ ಬಾಟಲಿಯಲ್ಲಿ. ಬಣ್ಣವಿಲ್ಲದ, ವಾಸನೆ ಕಡಿಮೆ ಇರುವ ವೋಡ್ಕಾವನ್ನು ನಿಂಬೆ ಸೋಡಾಕ್ಕೋ ಕೋಲಾಕ್ಕೋ ಬೆರೆಸಿ ತರುತ್ತಾರೆ. ಮುಚ್ಚಳದ ಸೀಲ್ ಒಡೆದ ಬಾಟಲಿ ಒಳಗೆ ಬರಬಾರದು, ಕುಡಿಯುವುದಕ್ಕೆಲ್ಲ ಮನೆಯಲ್ಲೇ ವ್ಯವಸ್ಥೆ ಇದೆ ಎಂದು ಕರೆಯುವಾಗಲೇ ಹೇಳಿಬಿಡಿ. ಬ್ಯಾಗುಗಳನ್ನು ಮುಂದಿನ ಕೋಣೆಯಲ್ಲಿ ಇರಿಸಿಕೊಳ್ಳಿ. ದೊಡ್ಡವರು ಇಬ್ಬರಾದರೂ ಮನೆಯಲ್ಲಿರಬೇಕು, ಆ ರಾತ್ರಿ ಅವರು ಕುಡಿದಿರಬಾರದು, ಅರ್ಧ ಗಂಟೆಗೊಮ್ಮೆ ಏನಾದರೂ ತಿಂಡಿ ಹಿಡಿದುಕೊಂಡು ಮಕ್ಕಳಿರುವಲ್ಲಿಗೆ ಹೋಗಿ ಬರಬೇಕು. ತಾರಸಿಯ ಬಾಗಿಲಿಗೆ ಬೀಗ ಹಾಕಿ.

ಬಾಟಲಿ ಸಿಕ್ಕರೆ ಕಿತ್ತಿಟ್ಟುಕೊಳ್ಳಿ, ತಂದವನ ಮನೆಗೆ ಆಗಲೇ ಫೋನ್ ಮಾಡಿ. ಕುಡಿದ ಮಗುವನ್ನು ಸಿಟ್ಟಿನಲ್ಲಿ ಒಬ್ಬನೇ ಹೊರಗೆ ಕಳಿಸುವುದು ಇಲ್ಲಿ ನಡೆಯುವ ಅತಿ ದೊಡ್ಡ ತಪ್ಪು. ರಸ್ತೆಯಲ್ಲಿ ಏನಾದರೂ ಆದರೆ ಆ ನಿರ್ಲಕ್ಷ್ಯ ನಿಮ್ಮದೇ. ಅಪ್ಪ ಅಮ್ಮ ಬಂದು ಕರೆದೊಯ್ಯುವವರೆಗೆ ಮಗು ನಿಮ್ಮ ಕಣ್ಣೆದುರೇ ಇರಲಿ.

ಪ್ರಶ್ನೆ: ದೊಡ್ಡ ಮಗನಿಗೆ 19. ಚಿಕ್ಕಪ್ಪನ ಮಗನಿಗೆ 16. ದೊಡ್ಡವನು ದುಡ್ಡು ಕೊಟ್ಟು ಚಿಕ್ಕವನನ್ನು ವೈನ್ ಶಾಪ್‌ಗೆ ಕಳಿಸಿದ್ದಾನೆ. ಇಬ್ಬರೂ ಮಕ್ಕಳೇ ಅಲ್ಲವೇ?

ಉತ್ತರ: ಅಲ್ಲ. 18 ದಾಟಿದವನು ಕಾನೂನಿನ ಕಣ್ಣಿಗೆ ಪೂರ್ತಿ ವಯಸ್ಕ. ತಮ್ಮನಿಗೂ ಕುಡಿಸಿದ್ದರೆ 77ನೇ ಸೆಕ್ಷನ್. ಮದ್ಯ ತರಲು ಅವನನ್ನು ಬಳಸಿಕೊಂಡದ್ದಕ್ಕೆ 78ನೇ ಸೆಕ್ಷನ್ ಇದೆ. ಮಗುವಿನ ಕೈಯಲ್ಲಿ ಮದ್ಯ ಮಾರಿಸುವುದು, ಹೊರಿಸುವುದು, ತರಿಸುವುದು ಅದರೊಳಗೆ ಬರುತ್ತದೆ, ಶಿಕ್ಷೆ ಅಷ್ಟೇ, 7 ವರ್ಷದವರೆಗೆ. "ಹೋಗಿ ಒಂದು ಕ್ವಾರ್ಟರ್ ತಗೊಂಡು ಬಾ" ಎಂದು ಮಗನನ್ನು ಅಂಗಡಿಗೆ ಓಡಿಸುವ ಅಪ್ಪಂದಿರೂ ಇದನ್ನು ಗಮನಿಸಬೇಕು. ಮಾರಿದ ಅಂಗಡಿಯವನದು ಬೇರೆಯೇ ಅಪರಾಧ.

ಪ್ರಶ್ನೆ: ಶೀತವಾದಾಗ ಮೊಮ್ಮಗುವಿಗೆ ಒಂದು ಚಮಚ ಬ್ರಾಂದಿ ಕುಡಿಸುವುದು ನಮ್ಮಲ್ಲಿ ಹಿಂದಿನಿಂದ ಬಂದದ್ದು. ಇದೂ ಅಪರಾಧವೇ?

ಉತ್ತರ: ವೈದ್ಯರು ಹೇಳಿರದಿದ್ದರೆ ಸೆಕ್ಷನ್‌ನ ಮಾತಿನ ಪ್ರಕಾರ ಹೌದು. ಕಾನೂನು ಹಾಗಿರಲಿ, ಅಜ್ಜಿಯವರೇ, ಬ್ರಾಂದಿಯಿಂದ ಶೀತ ಹೋಗುವುದಿಲ್ಲ. ಚರ್ಮದ ರಕ್ತನಾಳಗಳು ಹಿಗ್ಗುವುದರಿಂದ ಮೈ ಬೆಚ್ಚಗಾದಂತೆ ತೋರುತ್ತದೆ, ಆದರೆ ಒಳಗಿನ ಶಾಖ ಹೊರಗೆ ಹೋಗುತ್ತಿರುತ್ತದೆ. ಚಿಕ್ಕ ಮಕ್ಕಳಲ್ಲಿ ಮದ್ಯ ರಕ್ತದ ಸಕ್ಕರೆಯನ್ನು ಇಳಿಸಿ ಫಿಟ್ಸ್ ತರಿಸಬಲ್ಲದು. ದಯಮಾಡಿ ಕೊಡಬೇಡಿ.

ಪ್ರಶ್ನೆ: ಪಾರ್ಟಿಯಲ್ಲಿ ಒಂದು ಹುಡುಗಿ ಕುಡಿದು ಎಚ್ಚರ ತಪ್ಪಿದಳು. ಆಸ್ಪತ್ರೆಗೆ ಹೋದರೆ ಪೊಲೀಸ್ ಕೇಸ್ ಆಗುತ್ತದೆ ಎಂದು ಹೆದರಿ ಮಲಗಿಸಿದರಂತೆ, ಬೆಳಿಗ್ಗೆ ಸರಿಹೋದಳು. ಹೀಗೆ ಮಲಗಿಸುವುದು ಸರಿಯೇ? ಯಾವಾಗ ಆಸ್ಪತ್ರೆಗೆ ಹೋಗಬೇಕು?

ಉತ್ತರ (ವೈದ್ಯರಿಂದ): ಆ ಹುಡುಗಿ ಬದುಕಿದ್ದು ಅದೃಷ್ಟ. ಮಲಗಿಸಿ ಬಿಡುವುದು ಏಕೆ ಅಪಾಯ ಎಂದರೆ, ಕೊನೆಯ ಗುಟುಕು ಕುಡಿದ ಮೇಲೂ ಹೊಟ್ಟೆಯಲ್ಲಿರುವ ಮದ್ಯ ರಕ್ತಕ್ಕೆ ಸೇರುತ್ತಲೇ ಇರುತ್ತದೆ. ಮಲಗುವಾಗ ಇದ್ದುದಕ್ಕಿಂತ ಅರ್ಧ ಮುಕ್ಕಾಲು ಗಂಟೆಯ ನಂತರ ಸ್ಥಿತಿ ಕೆಟ್ಟಿರಬಹುದು. ಮಲಗಿದಲ್ಲೇ ವಾಂತಿಯಾಗಿ ಅದು ಶ್ವಾಸನಾಳಕ್ಕೆ ಹೋಗುತ್ತದೆ. ಎಚ್ಚರ ತಪ್ಪಿದವರಿಗೆ ಕೆಮ್ಮಿ ಹೊರಹಾಕುವ ಶಕ್ತಿ ಇರುವುದಿಲ್ಲ. ಸಾವು ಬರುವುದು ಹೆಚ್ಚಾಗಿ ಈ ದಾರಿಯಲ್ಲಿ, ಇಲ್ಲವೇ ಉಸಿರಾಟ ನಿಧಾನವಾಗುತ್ತ ನಿಂತುಹೋಗುವುದರಿಂದ.

ಮಕ್ಕಳಿಗೆ ಪ್ರಮಾಣದ ಅಂದಾಜು ಇರುವುದಿಲ್ಲ. ಶೇ 8ರ ಸ್ಟ್ರಾಂಗ್ ಬಿಯರ್‌ನ 650 ಮಿ.ಲೀ. ಬಾಟಲಿಯಲ್ಲಿ ಸುಮಾರು 41 ಗ್ರಾಂ ಆಲ್ಕೋಹಾಲ್ ಇರುತ್ತದೆ. 60 ಮಿ.ಲೀ. ವಿಸ್ಕಿಯಲ್ಲಿ ಇರುವುದು ಸುಮಾರು 20 ಗ್ರಾಂ. 'ಬರೀ ಒಂದು ಬಿಯರ್' ಎಂದರೆ ಎರಡು ಲಾರ್ಜ್ ಪೆಗ್. 45 ಕೆ.ಜಿ. ತೂಕದ, ಅಭ್ಯಾಸವಿಲ್ಲದ ಹುಡುಗಿ ಖಾಲಿ ಹೊಟ್ಟೆಯಲ್ಲಿ ಅದನ್ನು ಬೇಗಬೇಗ ಕುಡಿದರೆ 100 ಮಿ.ಲೀ. ರಕ್ತಕ್ಕೆ ಆಲ್ಕೋಹಾಲ್ 100 ಮಿ.ಗ್ರಾಂ. ದಾಟುವುದು ಸುಲಭ (ವಾಹನ ಓಡಿಸುವವರಿಗೆ ಇರುವ ಮಿತಿ 30).

ಜೋರಾಗಿ ಕರೆದು, ಭುಜ ಚಿವುಟಿದರೂ ಏಳದಿದ್ದರೆ ಕಾಯಬೇಡಿ, 108 ಅಥವಾ 112ಕ್ಕೆ ಕರೆ ಮಾಡಿ. ಗಡಿಯಾರ ನೋಡಿಕೊಂಡು ಒಂದು ನಿಮಿಷ ಉಸಿರು ಎಣಿಸಿ: 8ಕ್ಕಿಂತ ಕಡಿಮೆ ಇದ್ದರೆ, ಅಥವಾ ಎರಡು ಉಸಿರಿನ ನಡುವೆ 10 ಸೆಕೆಂಡಿನಷ್ಟು ಬಿಡುವಿದ್ದರೆ ಜೀವಕ್ಕೆ ಅಪಾಯವಿದೆ. ತುಟಿ, ಉಗುರು ನೀಲಿಯಾಗುವುದು, ಮೈ ತಣ್ಣಗೆ ಅಂಟಂಟಾಗುವುದು, ಫಿಟ್ಸ್, ಅರೆಪ್ರಜ್ಞೆಯಲ್ಲಿ ವಾಂತಿ, ಇವುಗಳಲ್ಲಿ ಯಾವುದೊಂದು ಕಂಡರೂ ಅಷ್ಟೇ. ಎಲ್ಲ ಲಕ್ಷಣ ಸೇರಲಿ ಎಂದು ಕಾಯಬಾರದು.

ಆಂಬುಲೆನ್ಸ್ ಬರುವವರೆಗೆ ಮಗ್ಗುಲಾಗಿ ಮಲಗಿಸಿ. ನಿಮ್ಮ ಕಡೆಗಿರುವ ಕೈಯನ್ನು ಭುಜದ ನೇರಕ್ಕೆ ಚಾಚಿ, ಇನ್ನೊಂದು ಕೈಯ ಹಿಂಬದಿಯನ್ನು ಕೆನ್ನೆಯ ಕೆಳಗಿಟ್ಟು, ಆಚೆಯ ಮಂಡಿಯನ್ನು ಮಡಚಿ ನಿಮ್ಮತ್ತ ಹೊರಳಿಸಿದರೆ ಮೈ ಅಲುಗದೆ ನಿಲ್ಲುತ್ತದೆ. ಬಾಯಿ ನೆಲದತ್ತ ವಾಲಿರಲಿ, ಗಲ್ಲ ಸ್ವಲ್ಪ ಮೇಲಕ್ಕೆತ್ತಿರಲಿ. ಹೊದಿಸಿ. ಒಬ್ಬರು ಅಲ್ಲಿಂದ ಏಳಲೇಬಾರದು. ಉಸಿರು ನಿಂತರೆ ಅಂಗಾತ ಮಲಗಿಸಿ ಎದೆ ಒತ್ತಲು ಶುರುಮಾಡಿ, 112ರವರು ಹೇಳಿದಂತೆ ಮುಂದುವರಿಸಿ. ನಿಂಬೆರಸ, ಮಜ್ಜಿಗೆ, ಕಾಫಿ, ಉಪ್ಪುನೀರು ಏನನ್ನೂ ಬಾಯಿಗೆ ಹಾಕಬೇಡಿ; ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸಬೇಡಿ. ತಣ್ಣೀರು ಸುರಿಯುವುದರಿಂದ ಮೊದಲೇ ತಣ್ಣಗಾದ ಮೈ ಇನ್ನೂ ತಣ್ಣಗಾಗುತ್ತದೆ, ಅಷ್ಟೇ.

ಆಸ್ಪತ್ರೆಯಲ್ಲಿ ನಿಜ ಹೇಳಿ: ಏನು, ಎಷ್ಟು, ಎಷ್ಟು ಹೊತ್ತಿಗೆ, ಜೊತೆಗೆ ಮಾತ್ರೆ ಏನಾದರೂ ನುಂಗಿದ್ದಳೇ, ಬಿದ್ದು ತಲೆಗೆ ಪೆಟ್ಟಾಗಿತ್ತೇ. ಬಾಟಲಿ ಇದ್ದರೆ ಜೊತೆಗೆ ತನ್ನಿ. "ಫುಡ್ ಪಾಯ್ಸನ್" ಎಂದು ಸುಳ್ಳು ಹೇಳಿದರೆ ನಾವು ತಪ್ಪು ದಾರಿಯಲ್ಲಿ ಹುಡುಕುತ್ತೇವೆ. ತುರ್ತು ಚಿಕಿತ್ಸೆಯನ್ನು ಪೊಲೀಸ್ ಪ್ರಕ್ರಿಯೆಗಾಗಿ ತಡೆಯುವಂತಿಲ್ಲ ಎಂದು 1989ರಲ್ಲೇ ಸುಪ್ರೀಂ ಕೋರ್ಟ್ ಪರಮಾನಂದ ಕಟಾರಾ ಪ್ರಕರಣದಲ್ಲಿ ಹೇಳಿದೆ. ಆಸ್ಪತ್ರೆಯವರು ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ವೈದ್ಯಕೀಯ-ಕಾನೂನು ಪ್ರಕರಣದ ವರದಿ) ಬರೆಯುವುದು ದಾಖಲೆಗೆ. ಮಗುವನ್ನು ಶಿಕ್ಷಿಸಲು ಅಲ್ಲ.

(ವಕೀಲರ ಸೇರ್ಪಡೆ: ಬೇಗ ಆಸ್ಪತ್ರೆಗೆ ಕರೆದೊಯ್ದದ್ದು ಆತಿಥೇಯರ ಪರವಾಗಿ ಹೇಳಬಹುದಾದ ಗಟ್ಟಿ ಸಂಗತಿ. ತಡ ಮಾಡಿ ಮಗು ಸತ್ತರೆ ಆ ತಡವೇ 106ನೇ ಸೆಕ್ಷನ್‌ಗೆ ಆಧಾರವಾಗುತ್ತದೆ. ಹೆದರಿ ಬಾಟಲಿ ಒಡೆದು ಎಸೆಯುವುದು, ನೆಲ ತೊಳೆಯುವುದು, ಮಕ್ಕಳಿಗೆ ಸುಳ್ಳು ಹೇಳಲು ಕಲಿಸುವುದು ಸಾಕ್ಷ್ಯನಾಶವೆಂಬ ಇನ್ನೊಂದು ಅಪರಾಧಕ್ಕೆ ಎಳೆಯುತ್ತದೆ.)

ಪ್ರಶ್ನೆ: ನಮ್ಮ ಮನೆಯಲ್ಲಿ ಕುಡಿದ ಮಗನ ಗೆಳೆಯ, 17ರವನು, ನಮ್ಮದೇ ಸ್ಕೂಟರ್ ತೆಗೆದುಕೊಂಡು ಹೋದ. ಪುಣ್ಯಕ್ಕೆ ಏನೂ ಆಗಲಿಲ್ಲ. ಆಗಿದ್ದರೆ?

ಉತ್ತರ: ಆಗಿದ್ದರೆ ಮೊದಲು ನೋಟಿಸ್ ಬರುತ್ತಿದ್ದುದು ನಿಮಗೆ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 199ಎ ಸೆಕ್ಷನ್ ಸೇರಿತು. ಅಪ್ರಾಪ್ತ ವಾಹನ ಓಡಿಸಿ ಅಪರಾಧ ಮಾಡಿದರೆ ಅವನ ಪೋಷಕರನ್ನು ಅಥವಾ ವಾಹನದ ಮಾಲೀಕರನ್ನು ತಪ್ಪಿತಸ್ಥರೆಂದು ಪರಿಗಣಿಸುತ್ತದೆ: 3 ವರ್ಷದವರೆಗೆ ಸೆರೆವಾಸ, 25,000 ರೂಪಾಯಿ ದಂಡ, ವಾಹನದ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ನಿಮಗೆ ಗೊತ್ತಿರಲಿಲ್ಲ, ತಡೆಯಲು ಪೂರ್ತಿ ಎಚ್ಚರ ವಹಿಸಿದ್ದಿರಿ ಎಂದು ಸಾಬೀತು ಮಾಡುವ ಹೊರೆ ನಿಮ್ಮ ಮೇಲಿರುತ್ತದೆ. ಕೀಲಿ ಬಾಗಿಲ ಪಕ್ಕದ ಮೊಳೆಯಲ್ಲಿ ನೇತಾಡುತ್ತಿದ್ದರೆ ಅದನ್ನು ಸಾಬೀತು ಮಾಡುವುದು ಹೇಗೆ? 16ಕ್ಕೆ ಸಿಗುವ ಲೈಸೆನ್ಸ್ 50 ಸಿಸಿ ಮೀರದ ಗೇರಿಲ್ಲದ ವಾಹನಕ್ಕೆ ಮಾತ್ರ. ಈಗಿನ 110, 125 ಸಿಸಿ ಸ್ಕೂಟರ್‌ಗಳು ಅದರಲ್ಲಿ ಬರುವುದಿಲ್ಲ.

ಕುಡಿದು ಓಡಿಸಿದ್ದಕ್ಕೆ 185ನೇ ಸೆಕ್ಷನ್ ಬೇರೆ ಇದೆ, ಮಿತಿ 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ. ವಿಮೆಯ ವಿಷಯಕ್ಕೆ ಬಂದರೆ, ಲೈಸೆನ್ಸ್ ಇಲ್ಲದವನಿಗೆ ಗಾಡಿ ಕೊಟ್ಟದ್ದು ರುಜುವಾತಾದರೆ ಗಾಯಗೊಂಡವರಿಗೆ ಕಂಪನಿ ಪರಿಹಾರ ಕೊಟ್ಟು ಆ ಹಣವನ್ನು ಮಾಲೀಕರಿಂದ ವಸೂಲು ಮಾಡಬಹುದು. ಆ ಮೊತ್ತ ಎಷ್ಟೋ ಮನೆಗಳಿಗೆ ಜೀವಮಾನದ ಸಾಲ.

2024ರ ಮೇ 19ರಂದು ಪುಣೆಯಲ್ಲಿ 17ರ ಹುಡುಗನೊಬ್ಬ ಓಡಿಸುತ್ತಿದ್ದ ಕಾರು ಬೈಕಿಗೆ ಗುದ್ದಿ ಇಬ್ಬರು ಸತ್ತದ್ದು ನಿಮಗೆ ನೆನಪಿರಬಹುದು. ಅಲ್ಲಿ ಅವನ ತಂದೆಯ ಮೇಲೆ ಬಾಲನ್ಯಾಯ ಕಾಯ್ದೆಯ 75 ಮತ್ತು 77ನೇ ಸೆಕ್ಷನ್ ಹಾಕಲಾಯಿತು, ಮದ್ಯ ಕೊಟ್ಟ ಬಾರ್‌ಗಳಿಗೆ ಸೇರಿದವರನ್ನೂ ಬಂಧಿಸಲಾಯಿತು. ಮುಂದೆ ರಕ್ತದ ಮಾದರಿ ಬದಲಿಸಿದ ಆರೋಪದಲ್ಲಿ ಪೋಷಕರೂ ವೈದ್ಯರೂ ಸಿಕ್ಕಿಬಿದ್ದರು.

ಪ್ರಶ್ನೆ: ಅಪಾರ್ಟ್‌ಮೆಂಟಿನ ಕ್ಲಬ್‌ಹೌಸ್‌ನಲ್ಲಿ ಹೊಸ ವರ್ಷದ ಪಾರ್ಟಿ. ಸಂಘಕ್ಕೆ ಹೊಣೆ ಇದೆಯೇ?

ಉತ್ತರ: ಟಿಕೆಟ್ ಇಟ್ಟು ಮದ್ಯ ಒದಗಿಸುವುದಾದರೆ ಅಬಕಾರಿ ಇಲಾಖೆಯ ತಾತ್ಕಾಲಿಕ ಸನ್ನದು, ಸಿಎಲ್-5, ಬೇಕು. ಅದಿದ್ದರೂ ಚಿಕ್ಕವರಿಗೆ ಕೊಡುವಂತಿಲ್ಲ. ಕೌಂಟರ್‌ನಲ್ಲಿ ನಿಲ್ಲುವವರಿಗೆ ವಯಸ್ಸಿನ ಪುರಾವೆ ಕೇಳುವ ಅಧಿಕಾರವನ್ನು ಸಂಘದ ಸಭೆಯ ನಡಾವಳಿಯಲ್ಲೇ ಬರೆದುಕೊಡಿ. ಮಕ್ಕಳ ಊಟದ ಜಾಗ ಮತ್ತು ಮದ್ಯದ ಜಾಗ ಬೇರೆ ಬೇರೆ ಇರಲಿ, ನಡುವೆ ಒಬ್ಬರು ನಿಂತಿರಲಿ.

ಪ್ರಶ್ನೆ: 15ರ ಮಗಳು ಗೆಳತಿಯ ಮನೆಯಿಂದ ಕುಡಿದು ಬಂದಳು. ಗೆಳತಿಯ ತಂದೆಯೇ ಗ್ಲಾಸಿಗೆ ಹಾಕಿ ಕೊಟ್ಟರಂತೆ. ಅದರ ವಿಡಿಯೊ ಶಾಲೆಯ ಮಕ್ಕಳ ಗ್ರೂಪಿನಲ್ಲಿ ಓಡಾಡುತ್ತಿದೆ. ದೂರು ಕೊಡುವುದು ಹೇಗೆ? ನಮ್ಮ ಮಗಳ ಮೇಲೇ ಕೇಸ್ ಆಗುತ್ತದೆಯೇ?

ಉತ್ತರ: ನಿಮ್ಮ ಮಗಳು ಆರೋಪಿ ಅಲ್ಲ. 77ನೇ ಸೆಕ್ಷನ್ ಶಿಕ್ಷಿಸುವುದು ಕೊಟ್ಟವರನ್ನು, ಕುಡಿದ ಮಗುವನ್ನಲ್ಲ. ಅವಳು ಸಂತ್ರಸ್ತೆ ಮತ್ತು ಸಾಕ್ಷಿ.

ಇಂಥ ದೂರುಗಳಲ್ಲಿ ಮೊದಲು ಕೈಬಿಟ್ಟುಹೋಗುವುದು ವೈದ್ಯಕೀಯ ಪುರಾವೆ. ರಕ್ತದಲ್ಲಿನ ಮದ್ಯ ಗಂಟೆಗೆ ಸುಮಾರು 15ರಿಂದ 20 ಮಿ.ಗ್ರಾಂ.ನಂತೆ ಇಳಿಯುತ್ತದೆ. ರಾತ್ರಿ 10ಕ್ಕೆ 100 ಇದ್ದದ್ದು ಬೆಳಿಗ್ಗೆ ಠಾಣೆ ತೆರೆದಿದೆಯೇ ನೋಡೋಣ ಎನ್ನುವಷ್ಟರಲ್ಲಿ ಸೊನ್ನೆಯಾಗಿರುತ್ತದೆ. ಅದೇ ರಾತ್ರಿ ಸರ್ಕಾರಿ ಆಸ್ಪತ್ರೆಗೆ ಹೋಗಿ ಪರೀಕ್ಷೆ ಮಾಡಿಸಬೇಕಿತ್ತು, ಮಾದರಿ ತೆಗೆದ ಸಮಯ ಚೀಟಿಯಲ್ಲಿ ಇರಬೇಕಿತ್ತು. ಈಗ ಆ ಅವಕಾಶ ದಾಟಿದ್ದರೂ ಪ್ರಕರಣ ಮುಗಿದಂತಲ್ಲ. ವಿಡಿಯೊ, ಸಂದೇಶಗಳು, ಜೊತೆಗಿದ್ದ ಮಕ್ಕಳ ಹೇಳಿಕೆ ಉಳಿದಿವೆ.

ಮಕ್ಕಳ ಸಹಾಯವಾಣಿ 1098 ಅಥವಾ 112ಕ್ಕೆ ಕರೆ ಮಾಡಬಹುದು, ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗೆ ನೇರವಾಗಿ ಬರೆದುಕೊಡಬಹುದು. ಠಾಣೆಯಲ್ಲಿ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಯಾರೆಂದು ಕೇಳಿ ಅವರಲ್ಲಿ ದೂರು ಕೊಡಿ. "ಇದಕ್ಕೆ ಎಫ್‌ಐಆರ್ ಹಾಕಲು ಬರುವುದಿಲ್ಲ" ಎಂದರೆ ಅವರು ಸುಳ್ಳು ಹೇಳುತ್ತಿದ್ದಾರೆ ಎಂದುಕೊಳ್ಳಬೇಡಿ. 2021ರ ತಿದ್ದುಪಡಿಯ ನಂತರ ಈ ಕಾಯ್ದೆಯಡಿ 3ರಿಂದ 7 ವರ್ಷ ಶಿಕ್ಷೆಯ ಅಪರಾಧಗಳು ಅಸಂಜ್ಞೇಯವಾಗಿವೆ (ಅಂದರೆ ಮ್ಯಾಜಿಸ್ಟ್ರೇಟ್ ಆದೇಶವಿಲ್ಲದೆ ಪೊಲೀಸರು ತಾವಾಗಿಯೇ ತನಿಖೆ ಮಾಡುವಂತಿಲ್ಲ), ಆದರೆ ಜಾಮೀನು ರಹಿತವಾಗಿಯೇ ಉಳಿದಿವೆ. ಪೊಲೀಸರು ದೂರಿನ ಸಾರವನ್ನು ಪುಸ್ತಕದಲ್ಲಿ ದಾಖಲಿಸಿ ನಿಮ್ಮನ್ನು ಮ್ಯಾಜಿಸ್ಟ್ರೇಟ್ ಬಳಿಗೆ ಕಳಿಸಬೇಕು. ಮ್ಯಾಜಿಸ್ಟ್ರೇಟ್ ಆದೇಶಿಸಿದ ಮೇಲೆ ತನಿಖೆ. ಇಷ್ಟು ಗಂಭೀರ ಅಪರಾಧಕ್ಕೆ ಈ ಸುತ್ತು ದಾರಿ ಇರಬಾರದಿತ್ತು ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಜೊತೆಯಲ್ಲಿ ಒಂದೇ ಒಂದು ಸಂಜ್ಞೇಯ ಅಪರಾಧ ನಡೆದಿದ್ದರೂ ಇಡೀ ಪ್ರಕರಣ ಸಂಜ್ಞೇಯವಾಗುತ್ತದೆ, ಆಗ ನೇರ ಎಫ್‌ಐಆರ್. ಹಾಗಾಗಿ ಆ ರಾತ್ರಿ ನಡೆದದ್ದನ್ನೆಲ್ಲ ಬರೆಯಿರಿ, 'ಕುಡಿಸಿದರು' ಎಂಬ ಒಂದು ಸಾಲಿಗೆ ನಿಲ್ಲಿಸಬೇಡಿ. ಯಾರಾದರೂ ಕೆಟ್ಟದಾಗಿ ಮೈ ಮುಟ್ಟಿದ್ದರೆ ಅದು ಪೋಕ್ಸೊ. ಅದು ಗೊತ್ತಿದ್ದೂ ಪೊಲೀಸರಿಗೆ ತಿಳಿಸದಿದ್ದರೆ ದೊಡ್ಡವರಿಗೇ 6 ತಿಂಗಳವರೆಗೆ ಸೆರೆವಾಸ.

ವಿಡಿಯೊವನ್ನು ಅಳಿಸಬೇಡಿ, ಇನ್ನೊಬ್ಬರಿಗೆ ಕಳಿಸಲೂ ಬೇಡಿ. ಅದು ಬಂದ ಫೋನಿನಲ್ಲೇ ಹಾಗೇ ಇರಲಿ, ಕಳಿಸಿದವರ ನಂಬರ್ ಮತ್ತು ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ದೂರಿನ ಜೊತೆ ಕೊಡಿ. ಸಂತ್ರಸ್ತ ಮಗುವಿನ ಗುರುತು ಬಯಲಾಗುವಂತೆ ಹರಡುವವರಿಗೆ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್‌ನಲ್ಲಿ 6 ತಿಂಗಳವರೆಗೆ ಸೆರೆವಾಸ ಅಥವಾ 2 ಲಕ್ಷದವರೆಗೆ ದಂಡ ಅಥವಾ ಎರಡೂ ಇವೆ. ಗ್ರೂಪಿನಲ್ಲಿರುವ ಪೋಷಕರಿಗೆ ಇದನ್ನು ಇವತ್ತೇ ತಿಳಿಸಿ, ಶಾಲೆಯ ಮುಖ್ಯಸ್ಥರಿಗೂ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ.